ಮಕ್ಕಳಿಗೆ ಬಾಹ್ಯಾಕಾಶದ ಕುಣಿತ ಕಲಿಸೋದು ಹೇಗೆ? ನಮ್ಮವರು ಗಿರಗಿರ ತಿರುಗಿ ಬೀಳ್ತಾರೆ, ಅಷ್ಟೇ!

ನೀಲಾಂಬರಿ
ಎಲ್ಲರಿಗೂ ನಮಸ್ಕಾರ. ಹಾಸನದ ಹತ್ತಿರದ ಒಂದು ಊರಲ್ಲಿ ವಾರಾಂತ್ಯಕ್ಕೆ ಮಕ್ಕಳಿಗೆ ಡ್ಯಾನ್ಸ್ ಹೇಳಿಕೊಡುತ್ತೇನೆ. ಆರರಿಂದ ಹತ್ತು ವರ್ಷದ ಮಕ್ಕಳು, ಇಪ್ಪತ್ತು ಚಿಲ್ಲರೆ ಇದ್ದಾರೆ. ಆಗಸ್ಟ್ 23ಕ್ಕೆ ರಾಷ್ಟ್ರೀಯ ಬಾಹ್ಯಾಕಾಶ ದಿನ ಅಲ್ವಾ, ಕಾಲು ಗಂಟೆಯ ಒಂದು ಐಟಂ ಕೊಡಿ ಅಂತ ಪಕ್ಕದ ಶಾಲೆಯವರು ಕೇಳಿದ್ದಾರೆ.

ಸಿನಿಮಾ ಹಾಡು ಹಾಕಿ ಬೆಳ್ಳಿ ಬಣ್ಣದ ಡ್ರೆಸ್ ತೊಡಿಸೋದು ನನಗೆ ಬೇಡ. ಮಕ್ಕಳೇ ಚಲನೆ ಹುಡುಕಬೇಕು ಅನ್ನೋ ಆಸೆ. ಆದರೆ "ಗ್ರಹ ಆಗಿ" ಅಂದರೆ ಎಲ್ಲರೂ ನಿಂತಲ್ಲೇ ತಿರುಗಿ ದೊಪ್ಪನೆ ಬೀಳುತ್ತಾರೆ. "ರಾಕೆಟ್ ಆಗಿ" ಅಂದರೆ ಎರಡೂ ಕೈ ಜೋಡಿಸಿ ಮೇಲೆತ್ತಿ ಝೂಂ ಅಂತ ಓಡುತ್ತಾರೆ. ಎರಡು ನಿಮಿಷಕ್ಕೆ ಬಾಹ್ಯಾಕಾಶ ಖಾಲಿ.

ನಾನು ಕಲಿತದ್ದು ಭರತನಾಟ್ಯ. ಸ್ಟೆಪ್ ಹೇಳಿಕೊಟ್ಟು ಗೊತ್ತು, ಹೇಳಿಕೊಡದೆ ಇರೋದು ಗೊತ್ತಿಲ್ಲ. ಜಾಗ ಅಂದರೆ ಒಂದು ಸಮುದಾಯ ಭವನ. ಕೆಂಪು ಗಾರೆ ನೆಲ, ಮಧ್ಯೆ ನಾಲ್ಕು ಕಂಬ, ಒಂದು ಬ್ಲೂಟೂತ್ ಸ್ಪೀಕರ್. ಲೈಟಿಂಗ್ ಎಲ್ಲ ಕೇಳಬೇಡಿ. ಯಾರಾದರೂ ಮಾಡಿದವರಿದ್ದೀರಾ?

ತರಲೆ ತಮ್ಮ
ನಾಲ್ಕು ಕಂಬ ಇದ್ದರೆ ಇನ್ನೇನು ಬೇಕು ಅಕ್ಕಾ, ನಾಲ್ಕು ಸೂರ್ಯ ರೆಡಿ.

ಕುಣಿಯೋ ಕಾಲು
ಮಕ್ಕಳ ಬೇಸಿಗೆ ಶಿಬಿರಗಳಲ್ಲಿ ಇದನ್ನೇ ಮಾಡುತ್ತೇನೆ. ನನ್ನ ಅನುಭವದಲ್ಲಿ "ಗ್ರಹ ಆಗು" ಅನ್ನೋದೇ ತೊಂದರೆಯ ಮೂಲ. ಏನಾಗಬೇಕು ಅಂತ ಹೇಳಿದರೆ ಮಗು ಚಿತ್ರದಲ್ಲಿ ನೋಡಿದ್ದನ್ನು ನಕಲು ಮಾಡುತ್ತದೆ. ಅದರ ಬದಲು ಒಂದು ನಿಯಮ ಕೊಡಿ. ನಿಯಮ ಪಾಲಿಸೋಕೆ ಹೋಗಿ ಮಗು ಚಲನೆ ಹುಡುಕಲೇಬೇಕಾಗುತ್ತದೆ.

ಉದಾಹರಣೆಗೆ ಚಂದ್ರ. ಒಬ್ಬಳನ್ನು ಮಧ್ಯೆ ನಿಲ್ಲಿಸಿ, ಅವಳು ಭೂಮಿ. ಇನ್ನೊಬ್ಬಳು ಸುತ್ತ ಹೋಗಬೇಕು. ನಿಯಮ ಒಂದೇ: ಮುಖ ಯಾವಾಗಲೂ ಭೂಮಿಯ ಕಡೆಗೇ ಇರಬೇಕು. ಮೊದಲು ಮಕ್ಕಳು ಅಡ್ಡಡ್ಡ ಹೆಜ್ಜೆ ಹಾಕುತ್ತಾರೆ. ಆಮೇಲೆ "ಕುಳಿತು ಮಾಡು" ಅನ್ನಿ. "ಒಂದು ಕೈ ನೆಲಕ್ಕೆ ತಾಗಿರಲಿ" ಅನ್ನಿ. "ಭೂಮಿಗೆ ಬೇಜಾರಾಗಿದೆ, ನೀನು ಸಮಾಧಾನ ಮಾಡುತ್ತಾ ಸುತ್ತು" ಅನ್ನಿ. ಅಷ್ಟರಲ್ಲಿ ನಿಮ್ಮ ಕೈಯಲ್ಲಿ ಏಳೆಂಟು ಬಗೆಯ ಚಂದ್ರ ಇರುತ್ತಾರೆ, ಒಂದನ್ನೂ ನೀವು ಹೇಳಿಕೊಟ್ಟಿರೋದಿಲ್ಲ. ಕಣ್ಣು ಒಂದೇ ಕಡೆ ನೆಟ್ಟಿರೋದರಿಂದ ತಲೆ ಸುತ್ತೋದೂ ಕಡಿಮೆ.

ಕಲಿಸುವವರಿಗೆ ಒಂದು ಪಟ್ಟಿ ಮನಸ್ಸಲ್ಲಿದ್ದರೆ ಸಾಕು: ಭಾರ, ವೇಗ, ದಾರಿ, ಹರಿವು. ರುಡಾಲ್ಫ್ ಲಾಬಾನ್ ಅನ್ನೋ ನೃತ್ಯಚಿಂತಕರು ಚಲನೆಯನ್ನು ಹೀಗೇ ಬಿಡಿಸಿ ನೋಡಿದರು. ಮಕ್ಕಳ ಮುಂದೆ ಅವರ ಹೆಸರು ಹೇಳೋದೇನೂ ಬೇಡ. "ಇದನ್ನೇ ಭಾರವಾಗಿ ಮಾಡು, ಈಗ ಹಗುರವಾಗಿ ಮಾಡು" ಅಂದರೆ ಆಯಿತು.

ಗಣಿತದ ಮೇಷ್ಟ್ರು
> ಮುಖ ಯಾವಾಗಲೂ ಭೂಮಿಯ ಕಡೆಗೇ ಇರಬೇಕು

ಚೆನ್ನಾಗಿದೆ. ಆದರೆ ಇಲ್ಲೊಂದು ಅಪಾಯ ಇದೆ. ಮಕ್ಕಳು ಇದರಿಂದ "ಚಂದ್ರ ತನ್ನ ಸುತ್ತ ತಾನು ತಿರುಗೋದೇ ಇಲ್ಲ" ಅಂತ ತಿಳಿದುಕೊಳ್ಳುತ್ತಾರೆ.

ಅಮ್ಮ ಇಬ್ಬರಿಗೆ
ತಿರುಗೋದಿಲ್ಲ ತಾನೇ? ಅದಕ್ಕೇ ಅಲ್ವಾ ನಮಗೆ ಒಂದೇ ಮುಖ ಕಾಣೋದು?

ಗಣಿತದ ಮೇಷ್ಟ್ರು
ತಿರುಗುತ್ತದೆ ಮೇಡಂ. ಭೂಮಿಯ ಸುತ್ತ ಒಂದು ಸುತ್ತಿಗೆ ಸುಮಾರು 27.3 ದಿನ, ತನ್ನ ಸುತ್ತಲೂ ಅಷ್ಟೇ ದಿನ. ಎರಡೂ ಸಮ ಆಗಿರೋದರಿಂದಲೇ ಒಂದೇ ಮುಖ ಕಾಣೋದು. ಹಾಲ್‌ನಲ್ಲೇ ತೋರಿಸಬಹುದು. ಚಂದ್ರ ಆದವಳಿಗೆ ಪ್ರತಿ ಕಾಲು ಸುತ್ತಿಗೆ "ನಿನ್ನ ಮೂಗು ಯಾವ ಕಡೆ ಇದೆ?" ಅಂತ ಕೇಳಿ. ಕಿಟಕಿ, ಬಾಗಿಲು, ಬೋರ್ಡು, ಹಿಂದಿನ ಗೋಡೆ ಅಂತ ನಾಲ್ಕೂ ಹೇಳುತ್ತಾಳೆ. ನಾಲ್ಕು ಗೋಡೆಗೂ ಮುಖ ಮಾಡಿದಳು ಅಂದರೆ ಒಂದು ಸುತ್ತು ತಿರುಗಿದಳು ಅಂತ ಅರ್ಥ.

ಅಮ್ಮ ಇಬ್ಬರಿಗೆ
ಈಗಷ್ಟೇ ಅಡುಗೆಮನೆಯಲ್ಲಿ ಸ್ಟೂಲ್ ಸುತ್ತ ತಿರುಗಿ ನೋಡಿದೆ. ಸರಿ, ಒಪ್ಪಿದೆ. ಯಜಮಾನರು "ಏನಾಯ್ತೇ ನಿಂಗೆ" ಅಂತ ಕೇಳ್ತಿದಾರೆ.

ಪೀಣ್ಯದ ಪಕ್ಕದವ
ಬಾಹ್ಯಾಕಾಶ ದಿನ ಅಂದಮೇಲೆ ಚಂದ್ರಯಾನ-3 ಇರಲೇಬೇಕು. ಅದರ ಕಥೆಯಲ್ಲೇ ಕುಣಿತ ಇದೆ, ಯಾರೂ ಬಳಸಿಕೊಳ್ಳಲ್ಲ. ಎಲ್ಲ ಕಡೆ ರಾಕೆಟ್ ಹಾರುತ್ತೆ, ಮುಂದಿನ ಸೀನಲ್ಲಿ ಬಾವುಟ. ನಡುವಿನ 40 ದಿನ ಎಲ್ಲಿ ಹೋಯಿತು?

2023ರ ಜುಲೈ 14ಕ್ಕೆ ಶ್ರೀಹರಿಕೋಟಾದಿಂದ ಹೊರಟಿದ್ದು ನೆಟ್ಟಗೆ ಚಂದ್ರನ ಹತ್ತಿರ ಹೋಗಲಿಲ್ಲ. ಭೂಮಿಯನ್ನೇ ಮೊಟ್ಟೆಯಾಕಾರದಲ್ಲಿ ಸುತ್ತಿತು. ಕೆಲವು ಸಲ ಭೂಮಿಯ ಹತ್ತಿರ ಬಂದಾಗ ಎಂಜಿನ್ ಉರಿಸಿದರು, ಮುಂದಿನ ಸುತ್ತು ಇನ್ನಷ್ಟು ಉದ್ದ ಆಯಿತು. ಆಗಸ್ಟ್ 1ಕ್ಕೆ ಚಂದ್ರನ ದಾರಿ ಹಿಡಿಯಿತು, 5ಕ್ಕೆ ಚಂದ್ರನ ಕಕ್ಷೆ ಸೇರಿತು. ಅಲ್ಲಿ ಎಲ್ಲ ಉಲ್ಟಾ. ಪ್ರತಿ ಸಲ ವೇಗ ತಗ್ಗಿಸಿ ಸುತ್ತು ಚಿಕ್ಕದು ಮಾಡಿದರು. 17ಕ್ಕೆ ಚಂದ್ರನ ಮೇಲೆ ಇಳಿಯೋ ಭಾಗ, ಅಂದರೆ ವಿಕ್ರಮ್, ಬೇರೆ ಆಯಿತು. 23ರ ಸಂಜೆ 6 ಗಂಟೆ ದಾಟಿ ನಾಲ್ಕು ನಿಮಿಷಕ್ಕೆ ಇಳಿಯಿತು.

ಮಕ್ಕಳಿಗೆ ಹೀಗೆ ಮಾಡಿಸಿ: ಭೂಮಿ ಆದವಳು ಹಾಲ್‌ನ ಒಂದು ತುದಿಯಲ್ಲಿ. ನೌಕೆ ಆದವನು ಸುತ್ತುತ್ತಾ ಅವಳ ಪಕ್ಕ ಹಾದುಹೋದಾಗ ಮಾತ್ರ ಉಳಿದವರೆಲ್ಲ ಒಂದು ಚಪ್ಪಾಳೆ ಹೊಡೆಯಬೇಕು. ಚಪ್ಪಾಳೆ ಬಿದ್ದರೆ ಮುಂದಿನ ಸುತ್ತು ಒಂದು ಕಂಬದಷ್ಟು ಮುಂದಕ್ಕೆ ಹೋಗಬೇಕು. ದೂರ ಹೋದ ಹಾಗೆ ಹೆಜ್ಜೆ ನಿಧಾನ, ಹತ್ತಿರ ಬಂದ ಹಾಗೆ ಜೋರು. ಅದು ಕೆಪ್ಲರ್ ನಿಯಮ, ಮಕ್ಕಳಿಗೆ ಆಟ.

ನೀಲಾಂಬರಿ
ಅಯ್ಯೋ ಇದು ಸೂಪರ್! ಕಂಬಗಳು ಈಗ ಉಪಯೋಗಕ್ಕೆ ಬಂದವು. ಇಳಿಯೋದನ್ನು ಹೇಗೆ ತೋರಿಸೋದು?

ಪೀಣ್ಯದ ಪಕ್ಕದವ
ಇಳಿಯೋಕೆ ಶುರು ಮಾಡಿದಾಗ ವಿಕ್ರಮ್ ಸುಮಾರು 30 ಕಿ.ಮೀ. ಎತ್ತರದಲ್ಲಿ ಅಡ್ಡವಾಗಿ ಹಾರುತ್ತಿತ್ತು. ಆಮೇಲೆ ವೇಗ ಕಮ್ಮಿ ಮಾಡಿಕೊಂಡು ನೆಟ್ಟಗೆ ನಿಂತಿತು. ಸುಮಾರು 150 ಮೀಟರ್ ಮೇಲೆ ತೇಲುತ್ತಾ ಕೆಳಗೆ ಕಲ್ಲುಬಂಡೆ ಇದೆಯಾ ಅಂತ ನೋಡಿಕೊಂಡಿತು. ಹಾಗಾಗಿ ಮಗು ಮುಂದಕ್ಕೆ ಬಾಗಿ, ನೆಲಕ್ಕೆ ಸಮನಾಗಿ ಮೈ ಚಾಚಿ ಓಡಿಬರಲಿ. ನಿಧಾನ ಆದ ಹಾಗೆ ಬೆನ್ನು ನೆಟ್ಟಗಾಗಲಿ. ಬೆರಳ ತುದಿ ಮೇಲೆ ನಿಂತು ಕಾಲಡಿ ನೋಡಲಿ. ಆಮೇಲೆ ಸದ್ದಾಗದ ಹಾಗೆ ಕೂರಲಿ. ಸದ್ದಾದರೆ ಮತ್ತೆ ಮೊದಲಿಂದ.

ಹೇಳೋದು ಮರೆತೆ, ಸೆಪ್ಟೆಂಬರ್ 3ಕ್ಕೆ ವಿಕ್ರಮ್ ಮತ್ತೆ ಎಂಜಿನ್ ಉರಿಸಿ ಸುಮಾರು 40 ಸೆಂ.ಮೀ. ಮೇಲಕ್ಕೆ ನೆಗೆದು ಸ್ವಲ್ಪ ಆಚೆ ಕೂತಿತು. ಕುಪ್ಪಳಿಸೋ ಸೀನ್ ಕೂಡ ಇಸ್ರೋದವರೇ ಕೊಟ್ಟಿದ್ದಾರೆ.

ತರಲೆ ತಮ್ಮ
ಚಂದ್ರನ ಮೇಲೆ ಓಡಾಡಿದ ಪ್ರಜ್ಞಾನ್ ರೋವರ್‌ಗೆ ನನ್ನ ಅಣ್ಣನ ಮಗನ್ನ ಕಳಿಸ್ತೀನಿ. ಸ್ಕೂಲಿಗೆ ಹೊರಡೋದು ಅದೇ ಸ್ಪೀಡಲ್ಲಿ.

ಪೀಣ್ಯದ ಪಕ್ಕದವ
ಸೆಕೆಂಡಿಗೆ 1 ಸೆಂ.ಮೀ. ಐದು ಮೀಟರ್ ದಾಟೋಕೆ ಎಂಟು ನಿಮಿಷದ ಮೇಲೆ ಬೇಕು. ಕಾರ್ಯಕ್ರಮ ಶುರುವಾದಾಗ ಒಬ್ಬನನ್ನು ಮೂಲೆಯಿಂದ ಬಿಡಿ. ಉಳಿದವರು ಏನು ಮಾಡಿದರೂ ಅವನ ಪಾಡಿಗೆ ಅವನು ಹೋಗುತ್ತಿರಲಿ. ಜನ ಅವನನ್ನೇ ನೋಡುತ್ತಾರೆ, ಬೇಕಿದ್ದರೆ ಬರೆದಿಟ್ಟುಕೊಳ್ಳಿ.

ಸಾಗರದ ಸುಬ್ಬಕ್ಕ
ಇಷ್ಟೆಲ್ಲ ಯಾಕೆ? ನವಗ್ರಹ ಸ್ತೋತ್ರ ಹಾಕಿ. ಭರತನಾಟ್ಯದಲ್ಲಿ ಒಂಬತ್ತು ಗ್ರಹಕ್ಕೂ ಹಸ್ತಗಳಿವೆ, ಅಂದರೆ ಕೈಮುದ್ರೆಗಳು. ಚಂದ್ರಕಲಾ, ಅರ್ಧಚಂದ್ರ ಮಕ್ಕಳಿಗೆ ಗೊತ್ತೇ ಇರುತ್ತವೆ. ನಮ್ಮದನ್ನು ಬಿಟ್ಟು ಬೇರೇದಕ್ಕೆ ಯಾಕೆ ಹೋಗಬೇಕು?

ಧಾರವಾಡ ಪೇಡೆ
ವಿಜ್ಞಾನ ದಿನಕ್ಕೆ ಶನಿಕಾಟ ತೋರಿಸೋದಾ? ಚಲೋ ಆತು ಬಿಡ್ರಿ.

ಸಾಗರದ ಸುಬ್ಬಕ್ಕ
ಶನಿಕಾಟ ಅಂತ ನಾನೆಲ್ಲಿ ಹೇಳಿದೆ? ಹಸ್ತ ಅಂದೆ. ಓದಿ ಮಾತಾಡಿ ತಮ್ಮಾ.

ಗಣಿತದ ಮೇಷ್ಟ್ರು
ಜಗಳ ಬೇಡ. ಸುಬ್ಬಕ್ಕನ ಮಾತಲ್ಲಿ ಒಂದು ಒಳ್ಳೇ ಎಳೆ ಇದೆ. ರಾಹು ಕೇತು ಅಂದರೆ ಖಗೋಳದಲ್ಲಿ ಎರಡು ಜಾಗಗಳು. ಚಂದ್ರನ ದಾರಿ ಭೂಮಿಯ ದಾರಿಗೆ ಸುಮಾರು 5 ಡಿಗ್ರಿ ಓರೆ. ಎರಡು ದಾರಿ ಅಡ್ಡ ಹಾಯೋ ಕಡೆಗಳೇ ರಾಹು, ಕೇತು. ಅಮಾವಾಸ್ಯೆ, ಹುಣ್ಣಿಮೆ ಆ ಜಾಗಗಳ ಹತ್ತಿರ ಬಿದ್ದರೆ ಮಾತ್ರ ಗ್ರಹಣ. ಅದಕ್ಕೇ ತಿಂಗಳು ತಿಂಗಳೂ ಗ್ರಹಣ ಆಗೋದಿಲ್ಲ.

ಕುಣಿತಕ್ಕೆ ಹೀಗೆ: ಚಂದ್ರ ಆದವಳು ಅರ್ಧ ಸುತ್ತು ಹಿಮ್ಮಡಿ ಎತ್ತಿ ನಡೆಯಲಿ, ಇನ್ನರ್ಧ ಮಂಡಿ ಬಗ್ಗಿಸಿ ನಡೆಯಲಿ. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಬದಲಾಗೋ ಎರಡು ಜಾಗದಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಅಲ್ಲಿಗೆ ಬಂದಾಗ ನಿಮ್ಮ ರಾಹು ಕೇತು ಹಸ್ತ ಹಿಡಿಯಲಿ.

ಸಾಗರದ ಸುಬ್ಬಕ್ಕ
ನೋಡಿ, ಹೀಗೆ ಹೇಳಿದರೆ ಯಾರು ಬೇಡ ಅಂತಾರೆ.

ಕರಾವಳಿ ಕಾಕ
ನಿಧಾನ, ತೇಲಾಟ ಇದೇ ಆಯಿತಲ್ಲ ಮಾರಾಯ್ರೇ. ಗುರುಗ್ರಹ ಅಷ್ಟು ದೊಡ್ಡ ಶರೀರ ಇಟ್ಟುಕೊಂಡು 10 ಗಂಟೆಯೊಳಗೆ ಒಂದು ಸುತ್ತು ತಿರುಗುತ್ತದೆ. ಯಕ್ಷಗಾನದ ಗಿರಕಿ ಕಲಿತ ಹುಡುಗರನ್ನು ಅದಕ್ಕೆ ಹಾಕಿ. ಶುಕ್ರ ಒಂದು ಸಲ ತಿರುಗೋಕೆ ನಮ್ಮ 243 ದಿನ, ಅದೂ ಉಳಿದವರಿಗೆ ಉಲ್ಟಾ ದಿಕ್ಕಿನಲ್ಲಿ. ಗುರು ಪಕ್ಕದಲ್ಲೇ ಶುಕ್ರನನ್ನು ನಿಲ್ಲಿಸಿದರೆ ಮಜಾ ಇರುತ್ತದೆ. ಯುರೇನಸ್ ಮಲಗಿಕೊಂಡೇ ತಿರುಗುವವನು. ಅವನಿಗೆ ಉರುಳುಸೇವೆ.

ತರಲೆ ತಮ್ಮ
ಉರುಳುಸೇವೆ 😂 ನಮ್ಮ ಕ್ಲಾಸಲ್ಲಿ ಎಲ್ಲರೂ ಯುರೇನಸ್ಸೇ ಆಗ್ತಾರೆ.

ನೀಲಾಂಬರಿ
ಮ್ಯೂಸಿಕ್ ಬಗ್ಗೆ ಯಾರೂ ಹೇಳಲಿಲ್ಲ. ಇಂಟರ್‌ನೆಟ್‌ನಲ್ಲಿ "ಸ್ಪೇಸ್ ಮ್ಯೂಸಿಕ್" ಅಂತ ಹುಡುಕಿದರೆ ಎಲ್ಲ ನಿದ್ದೆ ಬರೋ ಥರ ಇವೆ.

ಧಾರವಾಡ ಪೇಡೆ
ಹಾಕಬೇಡ್ರಿ. ಅಲ್ಲಿ ಗಾಳಿ ಇಲ್ಲ, ಸದ್ದು ಹೋಗೋಕೆ ದಾರಿ ಇಲ್ಲ. ರಾಕೆಟ್ ಏರೋ ತನಕ ಡೊಳ್ಳು ಬಡೀರಿ, ಕಿವಿ ತೂತಾಗೋ ಹಂಗ. ವಾತಾವರಣ ದಾಟಿದ ಕೂಡಲೇ ತಟಕ್ಕನೆ ನಿಲ್ಲಿಸ್ರಿ. ಆಮೇಲೆ ಮಕ್ಕಳ ಉಸಿರು, ಪಾದದ ಸದ್ದು ಅಷ್ಟೇ.

ಅಮ್ಮ ಇಬ್ಬರಿಗೆ
ಹತ್ತು ನಿಮಿಷ ಮೌನ? ಶಾಲೆ ಕಾರ್ಯಕ್ರಮದಲ್ಲಿ? ಹಿಂದಿನ ಸಾಲಿನವರು ಕಡ್ಲೆಕಾಯಿ ಸುಲಿಯೋ ಸದ್ದೇ ಮ್ಯೂಸಿಕ್ ಆಗುತ್ತೆ. ನಿಜವಾಗಿ ಹೇಳ್ತೀನಿ, ಸಣ್ಣ ಮಕ್ಕಳಿಗೆ ತಾಳ ಇಲ್ಲದಿದ್ದರೆ ಧೈರ್ಯ ಬರಲ್ಲ.

ಕುಣಿಯೋ ಕಾಲು
ಇಬ್ಬರದ್ದೂ ಸರಿ. ಒಂದೂವರೆ ನಿಮಿಷ ಮೌನ ಸಾಕು, ಅದೇ ದೊಡ್ಡ ಪರಿಣಾಮ. ಉಳಿದದ್ದಕ್ಕೆ ತಾಳ ಬೇಕಿದ್ದರೆ ಆಕಾಶದಲ್ಲೇ ಇದೆ. 1967ರಲ್ಲಿ ಖಗೋಳ ವಿಜ್ಞಾನಿ ಜೋಸೆಲಿನ್ ಬೆಲ್ ಮೊದಲ ಪಲ್ಸಾರ್ ಗುರುತಿಸಿದರು, ಅಂದರೆ ತಿರುಗುತ್ತಾ ಲೆಕ್ಕ ಹಿಡಿದು ರೇಡಿಯೋ ಮಿಡಿತ ಕಳಿಸೋ ನಕ್ಷತ್ರ. ಅದರ ಮಿಡಿತ 1.33 ಸೆಕೆಂಡಿಗೆ ಒಂದು, ಗಡಿಯಾರ ತಪ್ಪಿದರೂ ಅದು ತಪ್ಪದು. ಒಂದು ಗುಂಪು ಆ ಲೆಕ್ಕಕ್ಕೆ ತೊಡೆ ತಟ್ಟುತ್ತಿರಲಿ, ಅದೇ ನಿಮ್ಮ ತಾಳ.

ಗಣಿತದ ಮೇಷ್ಟ್ರು
ನೀಲಾಂಬರಿಯವರೇ, ನಿಮಗೆ ಇನ್ನೂ ಒಳ್ಳೇದು ಒಂದಿದೆ. ಅಡವುಗಳನ್ನು, ಅಂದರೆ ಭರತನಾಟ್ಯದ ಮೂಲ ಹೆಜ್ಜೆಗಳನ್ನು, ಮೂರು ಕಾಲದಲ್ಲಿ (ಮೂರು ವೇಗದಲ್ಲಿ) ಮಾಡಿಸುತ್ತೀರಲ್ಲ? ಮೊದಲ ಕಾಲದ ದುಪ್ಪಟ್ಟು ಎರಡನೇ ಕಾಲ, ಅದರ ದುಪ್ಪಟ್ಟು ಮೂರನೇ ಕಾಲ. 1610ರಲ್ಲಿ ಗೆಲಿಲಿಯೋ ಕಂಡ ಗುರುವಿನ ನಾಲ್ಕು ಚಂದ್ರಗಳಲ್ಲಿ ಮೂರು ಇದೇ ಲೆಕ್ಕದಲ್ಲಿ ಸುತ್ತುತ್ತವೆ. ಗ್ಯಾನಿಮೀಡ್ ಒಂದು ಸುತ್ತು ಮುಗಿಸೋ ಹೊತ್ತಿಗೆ ಯುರೋಪಾ ಎರಡು, ಅಯೋ ನಾಲ್ಕು. ಗ್ಯಾನಿಮೀಡ್ ಸುಮಾರು 7.15 ದಿನ, ಯುರೋಪಾ 3.55, ಅಯೋ 1.77.

ತಟ್ಟಡವು ಒಂದನ್ನೇ ಮೂವರು ಮಕ್ಕಳು ಮೂರು ಕಾಲದಲ್ಲಿ ಮಾಡುತ್ತಾ ಮೂರು ವೃತ್ತದಲ್ಲಿ ಸುತ್ತಲಿ. ಒಳಗಿನವಳು ಮೂರನೇ ಕಾಲ, ಹೊರಗಿನವಳು ಮೊದಲ ಕಾಲ. ಇನ್ನೊಂದು ವಿಶೇಷ: ಈ ಮೂರೂ ಗುರುವಿನ ಒಂದೇ ಕಡೆ ಒಂದೇ ಗೆರೆಯಲ್ಲಿ ಯಾವತ್ತೂ ಸೇರೋದಿಲ್ಲ. ಅಯೋ, ಯುರೋಪಾ ಒಂದು ಕಡೆ ಸೇರಿದಾಗಲೆಲ್ಲ ಗ್ಯಾನಿಮೀಡ್ ಬೇರೆ ಕಡೆ ಇರುತ್ತದೆ. ಎಲ್ಲಿಂದ ಶುರು ಮಾಡಿದರೆ ಹಾಗಾಗುತ್ತದೆ ಅಂತ ದೊಡ್ಡ ಮಕ್ಕಳಿಗೆ ಹುಡುಕೋಕೆ ಬಿಡಿ.

ನೀಲಾಂಬರಿ
ಮೇಷ್ಟ್ರೇ, ಇಷ್ಟು ವರ್ಷ ತಟ್ಟಡವು ತಟ್ಟಿಸಿದ್ದೀನಿ, ಇದು ಗೊತ್ತೇ ಇರಲಿಲ್ಲ. ನಾಳೆಯೇ ಮಾಡಿಸ್ತೀನಿ. ಕೈ ನಡುಗ್ತಿದೆ ಖುಷಿಗೆ.

ಲೀಡ್ಸ್ ಕನ್ನಡತಿ
ತಡವಾಗಿ ಬಂದೆ. ಇಂಗ್ಲೆಂಡಿನ ಪ್ರೈಮರಿ ಶಾಲೆಗಳಲ್ಲಿ ಡ್ಯಾನ್ಸ್ ಪಿ.ಟಿ. ಪಾಠದ ಒಳಗೇ ಬರುತ್ತದೆ. ಇಯರ್ 5ರ, ಅಂದರೆ ಒಂಬತ್ತು ಹತ್ತು ವಯಸ್ಸಿನ ಮಕ್ಕಳಿಗೆ ವಿಜ್ಞಾನದಲ್ಲಿ ಭೂಮಿ-ಬಾಹ್ಯಾಕಾಶ ಪಾಠ ಇದೆ. ಹಾಗಾಗಿ ಎರಡನ್ನೂ ಸೇರಿಸೋದು ಇಲ್ಲಿ ಹೊಸದೇನಲ್ಲ. ನನ್ನ ಮಗಳ ಟೀಚರ್ ಮಾಡೋದು ಕಾರ್ಡ್ ಆಟ. ಒಂದೊಂದು ಕಾರ್ಡಿನಲ್ಲಿ ಒಂದು ಕ್ರಿಯೆ. ನಾನು ಮನೆಯಲ್ಲಿ ಕನ್ನಡದಲ್ಲಿ ಮಾಡಿಕೊಂಡೆ: ತೇಲು, ಸಿಡಿ, ಮುದುಡು, ಜಾರು, ಸೆಳೆ, ಚದುರು, ಹೊಳೆ. ಮೂರು ಕಾರ್ಡ್ ಎತ್ತಿ ಅದೇ ಕ್ರಮದಲ್ಲಿ ಕುಣಿಯಬೇಕು. "ಮುದುಡು, ಸಿಡಿ, ಚದುರು" ಬಂದಾಗ ಮಗಳು "ಅಮ್ಮಾ ಇದು ನಕ್ಷತ್ರ ಸಾಯೋದು" ಅಂದಳು. ನಾನು ನಕ್ಷತ್ರದ ಸುದ್ದಿಯೇ ಎತ್ತಿರಲಿಲ್ಲ.

ಆದರೆ ಒಂದು ದೂರು. ಇಲ್ಲಿ ತೋರಿಸೋದಕ್ಕಿಂತ ಮಾಡೋದೇ ಜಾಸ್ತಿ, ಊರಲ್ಲಿ ಅಪ್ಪ ಅಮ್ಮ ವಿಡಿಯೋ ತೆಗೆಯೋಕೆ ಅಂತಲೇ ಕಲಿಸೋದು. ಹದಿನೈದು ನಿಮಿಷದ ಐಟಂ ಅನ್ನೋದೇ ಸೃಜನಶೀಲತೆ ಕೊಲ್ಲುತ್ತೆ.

ಅಮ್ಮ ಇಬ್ಬರಿಗೆ
ಅಲ್ಲಿ ಕೂತು ಹೇಳೋದು ಸುಲಭ. ನಮ್ಮ ಮಕ್ಕಳಿಗೆ ವರ್ಷಕ್ಕೊಂದು ವೇದಿಕೆ ಸಿಗೋದೇ ಹೆಚ್ಚು. ಅಜ್ಜಿ ತಾತ ಬಸ್ ಹಿಡಿದು ನೋಡೋಕೆ ಬರ್ತಾರೆ. ವಿಡಿಯೋ ತೆಗೆದರೆ ತಪ್ಪೇನು?

ಲೀಡ್ಸ್ ಕನ್ನಡತಿ
ತಪ್ಪು ಅನ್ನಲಿಲ್ಲ. ಅದಕ್ಕೆ ಮಾತ್ರ ಅಂತ ಆಗಬಾರದು ಅಂದೆ.

ಧಾರವಾಡ ಪೇಡೆ
ಧೂಮಕೇತು ಬಿಟ್ಟೇ ಬಿಟ್ಟೀರಿ! ದುಪಟ್ಟಾ ಕಟ್ಟಿಕೊಂಡು ಓಡಿಸ್ರಿ, ಬಾಲ ಹಿಂದೆ ಹಾರತೈತಿ.

ಪೀಣ್ಯದ ಪಕ್ಕದವ
ಅಲ್ಲೇ ಎಲ್ಲರೂ ತಪ್ಪೋದು. ಧೂಮಕೇತುವಿನ ಬಾಲ ಅದು ಹೋಗೋ ದಾರಿಯ ಹಿಂದೆ ಇರಲ್ಲ, ಸೂರ್ಯನಿಂದ ಆಚೆಗೆ ಇರುತ್ತೆ. ಸೂರ್ಯನ ಬೆಳಕು, ಸೌರಮಾರುತ (ಸೂರ್ಯನಿಂದ ಹೊಮ್ಮೋ ಕಣಗಳ ಹರಿವು) ತಳ್ಳೋದರಿಂದ ಹಾಗೆ. ಸೂರ್ಯನನ್ನು ಸುತ್ತಿ ವಾಪಸ್ ಹೋಗುವಾಗ ಬಾಲ ಮುಂದೆ, ಧೂಮಕೇತು ಹಿಂದೆ! ನಿಯಮ ಬೇಕಲ್ಲ, ತಗೊಳ್ಳಿ: ಎದೆ ಯಾವಾಗಲೂ ಸೂರ್ಯನ ಕಡೆ, ಬಾಲ ಬೆನ್ನಿಗೆ. ಬರುವಾಗ ಮುಂದಕ್ಕೆ ಓಡು, ಹೋಗುವಾಗ ಹಿಂದು ಹಿಂದಕ್ಕೆ ಹೋಗು.

ಕುಣಿಯೋ ಕಾಲು
ಐಡಿಯಾ ಚೆನ್ನಾಗಿದೆ, ದುಪಟ್ಟಾ ಮಾತು ಕೇಳಲ್ಲ. ಹಿಂದಕ್ಕೆ ಹೋಗುವಾಗ ಗಾಳಿಗೆ ಬಟ್ಟೆ ಕಾಲಿಗೆ ಸುತ್ತಿಕೊಂಡು ಮಗು ಬೀಳುತ್ತೆ. ಕೋಲಾಟದ ಕೋಲಿನ ತುದಿಗೆ ಕ್ರೇಪ್ ಪೇಪರ್ ಪಟ್ಟಿ ಕಟ್ಟಿ, ಕೋಲನ್ನು ಇನ್ನೊಂದು ಮಗು ಬೆನ್ನ ಹಿಂದೆ ಹಿಡಿದು ಜೊತೆಗೇ ಓಡಲಿ. ತಲೆ ಒಬ್ಬರು, ಬಾಲ ಒಬ್ಬರು. ಹಿಂದಕ್ಕೆ ಹೋಗೋವಾಗ ಬಾಲದವರೇ ದಾರಿ ನೋಡುತ್ತಾರೆ, ತಲೆಯವರು ಅವರನ್ನು ನಂಬಬೇಕು. ಅದೇ ಒಳ್ಳೇ ಅಭ್ಯಾಸ.

ಗಾಲಿ ಗೆಳತಿ
ನನ್ನ ಮಗ ವೀಲ್‌ಚೇರ್ ಬಳಸುತ್ತಾನೆ. ಹಿಂದೆ ಒಂದು ಕಡೆ ಬಾಹ್ಯಾಕಾಶದ ಐಟಂ ಮಾಡಿದಾಗ ಅವನನ್ನು ಮಧ್ಯೆ ಸೂರ್ಯ ಅಂತ ಕೂರಿಸಿಬಿಟ್ಟರು. ಅವನು ಅಲುಗಾಡಲೇ ಇಲ್ಲ. ಚಪ್ಪಾಳೆ ಜೋರಾಗಿ ಬಂತು, ಮಗ ಸಪ್ಪಗೆ ಮನೆಗೆ ಬಂದ. ನಿಮ್ಮ ತರಗತಿಯಲ್ಲಿ ಅಂಥ ಮಗು ಇದ್ದರೆ ದಯವಿಟ್ಟು ಸೂರ್ಯ ಮಾಡಬೇಡಿ. ಬಾಹ್ಯಾಕಾಶದಲ್ಲಿ ಜಾರಿಕೊಂಡು ಹೋಗೋದಕ್ಕೆ ಗಾಲಿಗಿಂತ ಒಳ್ಳೇದು ಏನಿದೆ?

ಪೀಣ್ಯದ ಪಕ್ಕದವ
ನಿಜ. ಐಎಸ್‌ಎಸ್‌ನಲ್ಲಿ, ಅಂದರೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ, ಒಂದು ಸಲ ಗೋಡೆ ತಳ್ಳಿದರೆ ಇನ್ನೊಂದು ಗೋಡೆ ಸಿಗೋ ತನಕ ನಿಲ್ಲೋ ಹಾಗಿಲ್ಲ. 2025ರಲ್ಲಿ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಅಲ್ಲಿದ್ದಾಗಿನ ವಿಡಿಯೋ ತೋರಿಸಿ. ಯಾವುದನ್ನೂ ಮುಟ್ಟದೆ ನಿಲ್ಲಬಾರದು ಅನ್ನೋದು ನಿಯಮ. ಗಾಲಿಯ ಮೇಲಿರೋ ಹುಡುಗ ಅದನ್ನು ಎಲ್ಲರಿಗಿಂತ ಚೆನ್ನಾಗಿ ಮಾಡುತ್ತಾನೆ, ಉಳಿದವರು ಅವನನ್ನು ನೋಡಿ ಕಲಿಯಬೇಕು.

ಅಮ್ಮ ಇಬ್ಬರಿಗೆ
ಅಲ್ಲಿ ಗುರುತ್ವಾಕರ್ಷಣೆ ಇಲ್ಲ ಅಲ್ವಾ, ಅದಕ್ಕೆ.

ಗಣಿತದ ಮೇಷ್ಟ್ರು
ಇದೆ ಮೇಡಂ 🙂 ಸುಮಾರು 400 ಕಿ.ಮೀ. ಎತ್ತರದಲ್ಲಿ ನೆಲದ ಮೇಲಿನದರ ಹತ್ತಿರ ಹತ್ತಿರ ಶೇ 90ರಷ್ಟು ಇದೆ. ನಿಲ್ದಾಣ, ಒಳಗಿನವರು ಎಲ್ಲ ಒಟ್ಟಿಗೆ ಭೂಮಿಯ ಸುತ್ತ ಬೀಳುತ್ತಲೇ ಇರೋದರಿಂದ ತೇಲಿದ ಹಾಗೆ.

ಅಮ್ಮ ಇಬ್ಬರಿಗೆ
ಈ ಮೇಷ್ಟ್ರು ನನ್ನ ಹಿಂದೆಯೇ ಬಿದ್ದಿದ್ದಾರೆ. ಮತ್ತೆ ಸ್ಟೂಲ್ ತರಬೇಕಾ?

ನೀಲಾಂಬರಿ
ಗಾಲಿ ಗೆಳತಿ, ನಮ್ಮಲ್ಲಿ ಸೂರ್ಯನೇ ಬೇಡ ಅಂತ ನಿರ್ಧರಿಸಿದೆ. ಒಂದು ಕಂಬಕ್ಕೆ ಹಳದಿ ಬಟ್ಟೆ ಸುತ್ತಿದರೆ ಮುಗೀತು. ಇವತ್ತಿನ ತರಗತಿಯಲ್ಲಿ ಚಂದ್ರಯಾನದ ಸುತ್ತು, ಮೂರು ಕಾಲದ ಚಂದ್ರಗಳು ಮಾಡಿಸಿದೆ. ಏಳು ವರ್ಷದ ಒಬ್ಬಳು ಗ್ಯಾನಿಮೀಡ್ ಆಗಿ ನಿಧಾನಕ್ಕೆ ಹೆಜ್ಜೆ ಹಾಕುತ್ತಾ, ಒಳಗೆ ಓಡುತ್ತಿದ್ದ ಅಯೋಗೆ "ಹೋಗು ಹೋಗು, ನಂಗೇನು ಅವಸರ ಇಲ್ಲ" ಅಂದಳು. ಸೊಂಟದ ಮೇಲೆ ಕೈ ಬೇರೆ. ಅದನ್ನು ಹಾಗೇ ಉಳಿಸಿಕೊಳ್ತೀನಿ.

ಡ್ರೆಸ್ ಬಗ್ಗೆ: ಬಾಡಿಗೆ ಅಂಗಡಿಯವರು ಥರ್ಮೋಕೋಲ್ ಶನಿ ಬಳೆ ತೋರಿಸಿದರು. ಬಾಗಿಲಲ್ಲೇ ತೂರಲಿಲ್ಲ.

ಕರಾವಳಿ ಕಾಕ
ಬಳೆ ಯಾಕೆ, ಮಕ್ಕಳೇ ಬಳೆ. ಶನಿಯ ಬಳೆ ಗಟ್ಟಿ ತಟ್ಟೆ ಅಲ್ಲ, ಬಹುಪಾಲು ಮಂಜುಗಡ್ಡೆ ಚೂರುಗಳು. ಒಳಗಿನವು ಜೋರು, ಹೊರಗಿನವು ನಿಧಾನ. ಎಂಟು ಹತ್ತು ಮಕ್ಕಳು ಕೈ ಹಿಡಿಯದೆ ಬೇರೆ ಬೇರೆ ವೇಗದಲ್ಲಿ ಸುತ್ತಲಿ, ಯಾರಿಗೂ ಯಾರೂ ತಾಗಬಾರದು. ಎಲ್ಲರೂ ಕಪ್ಪು ಪ್ಯಾಂಟು, ಬಿಳಿ ಬನಿಯನ್ನು. ಖರ್ಚಿಲ್ಲ.

ತರಲೆ ತಮ್ಮ
ಪ್ಲೂಟೋನ ಯಾರೂ ಕೇಳಲೇ ಇಲ್ಲ. 2006ರಲ್ಲಿ ಗ್ರಹದ ಪಟ್ಟಿಯಿಂದ ತೆಗೆದರು, ಇಲ್ಲೂ ತೆಗೆದ್ರಾ?

ಗಣಿತದ ಮೇಷ್ಟ್ರು
ಈ ಸಲ ತಮ್ಮ ಒಳ್ಳೇ ಪ್ರಶ್ನೆ ಕೇಳಿದ್ದಾನೆ. ಇಬ್ಬರು ಮಕ್ಕಳು ಎದುರೆದುರು ಕೈ ಹಿಡಿದು ಗಿರಗಿಟ್ಲೆ ಆಡ್ತಾರಲ್ಲ, ಅದೇ ಪ್ಲೂಟೋ ಮತ್ತು ಅದರ ಚಂದ್ರ ಷರಾನ್. ಇಬ್ಬರೂ ಯಾವಾಗಲೂ ಒಬ್ಬರಿಗೊಬ್ಬರು ಮುಖ ಮಾಡಿಕೊಂಡೇ ಸುತ್ತುತ್ತಾರೆ. ಸುತ್ತೋ ನಡುಬಿಂದು ಪ್ಲೂಟೋ ಒಳಗೂ ಇಲ್ಲ, ಇಬ್ಬರ ನಡುವಿನ ಖಾಲಿ ಜಾಗದಲ್ಲಿದೆ, ಪ್ಲೂಟೋಗೆ ಸ್ವಲ್ಪ ಹತ್ತಿರ. ಹತ್ತು ವರ್ಷದವನ ಜೊತೆ ಆರು ವರ್ಷದವಳನ್ನು ಬಿಟ್ಟು ನೋಡಿ. ಅವನು ಚಿಕ್ಕ ವೃತ್ತ ಸುತ್ತುತ್ತಾನೆ, ಅವಳು ದೊಡ್ಡ ವೃತ್ತ.

ಅಮ್ಮ ಇಬ್ಬರಿಗೆ
ಕೈ ಬಿಟ್ಟರೆ ಆ ಆರು ವರ್ಷದವಳು ಎಲ್ಲಿಗೆ ಹೋಗ್ತಾಳೆ ಅಂತಲೂ ಹೇಳಿ ಮೇಷ್ಟ್ರೇ. ಗಾರೆ ನೆಲ ಅದು.

ಕುಣಿಯೋ ಕಾಲು
ಬರಿಗಾಲು, ಮೊಣಕೈ ಹಿಡಿತ, ನಿಧಾನಕ್ಕೆ. ಬೆರಳು ಮಾತ್ರ ಹಿಡಿಯೋಕೆ ಬಿಡಬೇಡಿ. ಸುತ್ತ ಜಮಖಾನ ಹಾಸಿ, ಕಂಬದಿಂದ ದೂರ ಮಾಡಿಸಿ.

ನೀಲಾಂಬರಿ
ಜಮಖಾನ ಶಾಲೆಯವರ ಹತ್ತಿರ ಇದೆ. ಕೋಲಾಟದ ಕೋಲು ಹಾಸನದಲ್ಲಿ ಎಲ್ಲಿ ಸಿಗುತ್ತೆ, ಯಾರಿಗಾದರೂ ಗೊತ್ತಾ? ಒಂದು ಡಜನ್ ಬೇಕು.